ಬುಕಿಂಗ್ ಅಳಿಯನ ಹೆಸರಿನಲ್ಲಿ, ಬಂದವರು ಬೇರೆಯವರು: ಕೊಡಗಿನ ರೆಸಾರ್ಟ್ ಒಂದರ ಪ್ರಕರಣ ಅಧ್ಯಯನ

ಮಡಿಕೇರಿಯ ಆಸುಪಾಸಿನ ಕಾಫಿ ತೋಟವೊಂದರ ನಡುವೆ ಇರುವ ರೆಸಾರ್ಟಿನಲ್ಲಿ ನಾನು ಬುಕಿಂಗ್ ವಿಭಾಗವನ್ನು ನೋಡಿಕೊಳ್ಳುತ್ತಿದ್ದಾಗ ನಡೆದ ಪ್ರಕರಣವಿದು. ಈಚಿನ ವರ್ಷವೊಂದರ ಡಿಸೆಂಬರಿನಲ್ಲಿ, ಒಂದೇ ಕುಟುಂಬದ ಬುಕಿಂಗಿನಲ್ಲಿ ಹೆಸರು ಬದಲಿಸಬೇಕಾದ ಸಂದರ್ಭ ಬಂದು, ಮೂರು ಕಾಟೇಜುಗಳ ಪೈಕಿ ಎರಡು ಉಳಿದವು, ಒಂದು ಕೈತಪ್ಪಿತು. ಕೈತಪ್ಪಿದ್ದಕ್ಕೆ ಆ ಕುಟುಂಬದ ಆತುರದಷ್ಟೇ ನಮ್ಮ ರಿಸೆಪ್ಷನ್ನಿನ ಅಜಾಗರೂಕತೆಯೂ ಕಾರಣವಾಗಿತ್ತು ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಗುರುತು ಸಿಗಬಾರದೆಂದು ವ್ಯಕ್ತಿಗಳನ್ನು ಅವರ ನಂಟಿನ ಹೆಸರಿನಿಂದಲೇ ಕರೆದಿದ್ದೇನೆ. ಊರು, ದಿನಾಂಕಗಳನ್ನು ಬಿಟ್ಟಿದ್ದೇನೆ.

ಹಿನ್ನೆಲೆ

ಬಯಲುಸೀಮೆಯ ಪಟ್ಟಣವೊಂದರಲ್ಲಿ ನೆಲೆಸಿರುವ ನಿವೃತ್ತ ಶಿಕ್ಷಕರೊಬ್ಬರು, ಕೆಲಸಕ್ಕೆ ಸೇರಿದ ಹೊಸತರಲ್ಲಿ ಸೋಮವಾರಪೇಟೆ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ಕೆಲವು ವರ್ಷ ಪಾಠ ಮಾಡಿದ್ದರು. ಮದುವೆಯಾಗಿ ಸಂಸಾರ ಹೂಡಿದ್ದೂ ಅಲ್ಲಿಯೇ. ಮದುವೆಗೆ 50 ವರ್ಷ ತುಂಬುವ ಹೊತ್ತಿಗೆ ಒಮ್ಮೆ ಆ ಶಾಲೆಯನ್ನೂ ತಾವಿದ್ದ ಬಾಡಿಗೆ ಮನೆಯ ಜಾಗವನ್ನೂ ಹೆಂಡತಿಯೊಡನೆ ನೋಡಿ ಬರಬೇಕೆಂಬುದು ಅವರ ಆಸೆಯಾಗಿತ್ತು. ಮಕ್ಕಳು ಅದನ್ನು ಎರಡು ರಾತ್ರಿಯ ಪ್ರವಾಸವಾಗಿ ಯೋಜಿಸಿದರು.

ಸೆಪ್ಟೆಂಬರಿನಲ್ಲಿಯೇ ಹಿರಿಯ ಅಳಿಯ ತನ್ನ ಮೊಬೈಲಿನ ಪ್ರಯಾಣ ಆ್ಯಪ್ ಒಂದರ ಮೂಲಕ ಎರಡು ಕಾಟೇಜುಗಳನ್ನು ಬುಕ್ ಮಾಡಿ, ವಾರದ ನಂತರ ಬೇರೆ ಬುಕಿಂಗ್ ಸಂಖ್ಯೆಯಲ್ಲಿ ಮೂರನೆಯದನ್ನೂ ಸೇರಿಸಿದ್ದರು. ಮೊದಲನೆಯದು ಹಿರಿಯ ದಂಪತಿಗೆ, ಎರಡನೆಯದು ಅಳಿಯ, ಮಗಳು ಮತ್ತು ಅವರ ಒಂಬತ್ತು ವರ್ಷದ ಮಗುವಿಗೆ, ಮೂರನೆಯದು ಕಿರಿಯ ಮಗ ಮತ್ತು ಸೊಸೆಗೆ. ಮೂರರಲ್ಲಿಯೂ ಮುಖ್ಯ ಅತಿಥಿಯ ಜಾಗದಲ್ಲಿ ಇದ್ದದ್ದು ಅಳಿಯನ ಹೆಸರೊಂದೇ. ಉಳಿದವರ ಹೆಸರನ್ನು ಆ್ಯಪ್ ಕೇಳಿರಲಿಲ್ಲ, ಅವರೂ ಹಾಕಿರಲಿಲ್ಲ.

ದರದ ಲೆಕ್ಕವನ್ನು ಇಲ್ಲಿ ಕೊಡಬೇಕು, ಏಕೆಂದರೆ ಮುಂದಿನ ಎಲ್ಲ ತೀರ್ಮಾನಗಳೂ ಇದರ ಮೇಲೆ ನಿಂತಿವೆ. ಮುಂಗಡವಾಗಿ ಪೂರ್ತಿ ಹಣ ಕಟ್ಟುವ, ರದ್ದು ಮಾಡಿದರೆ ಏನೂ ಮರಳದ ರಿಯಾಯಿತಿ ದರವದು: ಕಾಟೇಜಿಗೆ ರಾತ್ರಿಯೊಂದಕ್ಕೆ 9,000 ರೂಪಾಯಿ. ಕೋಣೆಯ ದರ 7,500 ರೂಪಾಯಿ ಮೀರಿದ್ದರಿಂದ ಅದರ ಮೇಲೆ ಶೇ. 18 ಜಿಎಸ್‌ಟಿ. ಹೀಗೆ ಒಂದು ಕಾಟೇಜಿಗೆ ಎರಡು ರಾತ್ರಿಗೆ 21,240 ರೂಪಾಯಿ, ಮೂರಕ್ಕೆ 63,720 ರೂಪಾಯಿ. ಕ್ರಿಸ್‌ಮಸ್ ರಜೆ ಹತ್ತಿರವಾದಂತೆ ಅದೇ ಕಾಟೇಜಿನ ದರ ರಾತ್ರಿಗೆ 14,000 ರೂಪಾಯಿಗೆ ಏರಿತ್ತು. ಹೊಸದಾಗಿ ಬುಕ್ ಮಾಡಿದರೆ ತೆರಿಗೆ ಸೇರಿ ಎರಡು ರಾತ್ರಿಗೆ ಒಂದಕ್ಕೇ 33,040 ರೂಪಾಯಿ ಆಗುತ್ತಿತ್ತು.

ತೊಡಕು ಶುರುವಾದದ್ದು

ಹೊರಡಲು ಹನ್ನೆರಡು ದಿನವಿರುವಾಗ ಅಳಿಯನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಆಗಲೇಬೇಕಿತ್ತು. ಅಳಿಯನೂ ಮಗಳೂ ಆಸ್ಪತ್ರೆ ಬಿಟ್ಟು ಬರುವಂತಿರಲಿಲ್ಲ. ಪ್ರವಾಸವನ್ನೇ ಕೈಬಿಡೋಣವೆಂದು ಹಿರಿಯರು ಹೇಳಿದರೂ ಅಳಿಯ ಒಪ್ಪಲಿಲ್ಲ. ತಮ್ಮ ಕಾಟೇಜಿನಲ್ಲಿ ಚಿಕ್ಕಪ್ಪ, ಚಿಕ್ಕಮ್ಮ ಮತ್ತು ಆಗಷ್ಟೇ ಹೊರದೇಶದಿಂದ ರಜೆಗೆ ಬಂದಿದ್ದ ಅವರ ಮಗಳು ಇರಲಿ ಎಂದರು. ಹೀಗಾಗಿ ನಮ್ಮ ರೆಸಾರ್ಟಿನ ಪಟ್ಟಿಯಲ್ಲಿದ್ದ ಒಬ್ಬನೇ ಒಬ್ಬ ಅತಿಥಿ ಬರುವುದಿಲ್ಲ, ಬರುವ ಏಳು ಜನರ ಪೈಕಿ ಒಬ್ಬರ ಹೆಸರೂ ನಮ್ಮ ಬಳಿ ಇಲ್ಲ ಎಂಬ ಸ್ಥಿತಿ ಉಂಟಾಯಿತು.

ಈ ಹೊಣೆಯನ್ನು ಕಿರಿಯ ಮಗ ವಹಿಸಿಕೊಂಡ. ಹಿಂದೊಮ್ಮೆ ತನ್ನ ರೈಲು ಟಿಕೆಟನ್ನು ತಂದೆಯ ಹೆಸರಿಗೆ ಬದಲಿಸಿಕೊಂಡ ಅನುಭವ ಅವನಿಗಿತ್ತು. ಕನ್‌ಫರ್ಮ್ ಆದ ಟಿಕೆಟನ್ನು ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು, ಗಂಡ ಅಥವಾ ಹೆಂಡತಿಯ ಹೆಸರಿಗೆ, ರೈಲು ಹೊರಡುವ 24 ಗಂಟೆಗೆ ಮೊದಲು ಲಿಖಿತವಾಗಿ ಕೇಳಿ ಒಮ್ಮೆ ಬದಲಿಸಿಕೊಳ್ಳಲು ರೈಲ್ವೆ ಅವಕಾಶ ಕೊಡುತ್ತದೆ. ವಿಮಾನದ ಟಿಕೆಟನ್ನಾದರೋ ಸಾಮಾನ್ಯವಾಗಿ ಬೇರೊಬ್ಬರಿಗೆ ವರ್ಗಾಯಿಸುವಂತಿಲ್ಲ, ಅಕ್ಷರದ ತಪ್ಪು ತಿದ್ದಬಹುದಷ್ಟೆ. ರೆಸಾರ್ಟಿಗೆ ಇಂಥ ಒಂದು ಸಾರ್ವತ್ರಿಕ ನಿಯಮವಿಲ್ಲ. ಆ್ಯಪಿನ ಷರತ್ತು, ರೆಸಾರ್ಟಿನ ಷರತ್ತು, ಗುರುತಿನ ದಾಖಲೆಯ ಬಗೆಗಿನ ಕಾನೂನು ಇವು ಮೂರೂ ಬೇರೆ ಬೇರೆ ಎಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಅವನು ಮೊದಲು ಆ್ಯಪಿನ ಕಸ್ಟಮರ್ ಕೇರಿಗೆ ಕರೆ ಮಾಡಿ, ಹೆಸರು ಬದಲಿಸಿಕೊಡಿ ಎಂದು ಕೇಳಿದ. ಈ ದರದಲ್ಲಿ ಬದಲಾವಣೆಗೆ ಅವಕಾಶವಿಲ್ಲ, ಬೇಕಿದ್ದರೆ ರದ್ದು ಮಾಡಿ ಹೊಸದಾಗಿ ಬುಕ್ ಮಾಡಿ ಎಂಬ ಉತ್ತರ ಬಂತು. ಅದೇ ಸಂಜೆ ನಮ್ಮ ರಿಸೆಪ್ಷನ್ನಿಗೆ ಕರೆ ಮಾಡಿದಾಗ, ಆ ಹೊತ್ತಿನಲ್ಲಿದ್ದ ಹುಡುಗ "ಪರವಾಗಿಲ್ಲ ಸರ್, ಬನ್ನಿ, ನೋಡ್ಕೊಳ್ತೇವೆ" ಎಂದು ಹೇಳಿ ಫೋನ್ ಇಟ್ಟ. ಬುಕಿಂಗ್ ಸಂಖ್ಯೆ ಕೇಳಲಿಲ್ಲ, ಹೆಸರು ಬರೆದುಕೊಳ್ಳಲಿಲ್ಲ, ನನಗೂ ತಿಳಿಸಲಿಲ್ಲ. ಅವನ ಮಾತಿನಲ್ಲಿ ಕಪಟವಿರಲಿಲ್ಲ. ಮನೆಗೆ ಬರುವವರಿಗೆ ನಮ್ಮ ಕಡೆ ಹೇಳುವ ಮಾತನ್ನೇ ಹೇಳಿದ್ದ. ಆದರೆ ಬರಹವಿಲ್ಲದ ಆ ಭರವಸೆಯನ್ನು ಮರುದಿನದ ಪಾಳಿಯವನು ಪಾಲಿಸುತ್ತಾನೆಂಬ ಖಾತ್ರಿ ಏನಿತ್ತು?

ಆತುರದ ಒಂದು ರಾತ್ರಿ

ಒಂದು ಕಡೆ ಆಗುವುದಿಲ್ಲ ಎಂಬ ಉತ್ತರ, ಇನ್ನೊಂದು ಕಡೆ ಬನ್ನಿ ಎಂಬ ಉತ್ತರ. ವಯಸ್ಸಾದ ತಂದೆತಾಯಿಯನ್ನು ಚಳಿಯಲ್ಲಿ ಕರೆತಂದು ಬಾಗಿಲಲ್ಲಿ ನಿಲ್ಲಿಸಬೇಕಾದೀತೆಂಬ ಹೆದರಿಕೆ ಕಿರಿಯ ಮಗನನ್ನು ಕಾಡಿತು. ಒಂದನ್ನಾದರೂ ತನ್ನ ಹೆಸರಿನಲ್ಲಿ ಗಟ್ಟಿಮಾಡಿಕೊಳ್ಳೋಣ ಎಂದು ತೀರ್ಮಾನಿಸಿ, ರಾತ್ರಿ ಹತ್ತರ ಸುಮಾರಿಗೆ ಭಾವನ ಖಾತೆಗೆ ಲಾಗಿನ್ ಆಗಲು ಒಟಿಪಿ ಕೇಳಿದ. ಆಸ್ಪತ್ರೆಯ ವಾರ್ಡಿನ ಹೊರಗೆ ಕೂತಿದ್ದ ಭಾವ ಏಕೆಂದು ಕೇಳದೆ ಕೊಟ್ಟರು. ಅವನು ಮೂರನೆಯ ಕಾಟೇಜನ್ನು ರದ್ದು ಮಾಡಿದ. ಮರುಪಾವತಿ ಸೊನ್ನೆ ಎಂದು ಪರದೆ ತೋರಿಸಿತ್ತು; ಆದರೆ ಹೊಸ ಬುಕಿಂಗಿಗೆ ಹಳೆಯ ಹಣವನ್ನು ಹೊಂದಿಸಿಕೊಡುತ್ತಾರೆ ಎಂದು ಅವನು ಭಾವಿಸಿದ್ದ.

ಇಲ್ಲಿ ನಮ್ಮ ಕಡೆಯ ಯಂತ್ರದ ಕೆಲಸವನ್ನು ವಿವರಿಸಬೇಕು. ಬೇರೆ ಬೇರೆ ಆ್ಯಪ್‌ಗಳಲ್ಲಿ ನಮ್ಮ ಕೋಣೆಗಳ ಲೆಕ್ಕವನ್ನು ಒಂದೇ ಕಡೆಯಿಂದ ನಿಭಾಯಿಸುವ ಚಾನೆಲ್ ಮ್ಯಾನೇಜರ್ ಎಂಬ ತಂತ್ರಾಂಶವಿರುತ್ತದೆ. ಒಂದು ಆ್ಯಪಿನಲ್ಲಿ ಕೋಣೆ ರದ್ದಾದ ಕ್ಷಣವೇ ಅದು ಎಲ್ಲ ಆ್ಯಪ್‌ಗಳಲ್ಲಿಯೂ ಖಾಲಿ ಎಂದು ತೆರೆದುಕೊಳ್ಳುತ್ತದೆ. ಮನುಷ್ಯರ ಕೈ ಅದರಲ್ಲಿ ಇರುವುದಿಲ್ಲ. ಡಿಸೆಂಬರಿನ ಕೊನೆಯ ವಾರದಲ್ಲಿ ಕೊಡಗಿನಲ್ಲಿ ಖಾಲಿ ಕೋಣೆ ಎಷ್ಟು ಹೊತ್ತು ಉಳಿದೀತು? ಅವನು ಹೊಸ ಬುಕಿಂಗಿನ ಹಣ ಕಟ್ಟಲು ಕಾರ್ಡ್ ಹುಡುಕಿ, ಏರಿದ ದರ ಕಂಡು ಹೆಂಡತಿಯೊಡನೆ ಚರ್ಚಿಸಿ ಮರಳುವಷ್ಟರಲ್ಲಿ, ಸುಮಾರು ನಲವತ್ತು ನಿಮಿಷದಲ್ಲಿ, ಬೇರೊಂದು ಆ್ಯಪಿನ ಮೂಲಕ ಆ ಕಾಟೇಜು ಬೇರೆಯವರ ಪಾಲಾಗಿತ್ತು.

ಹೆಸರಿನ ಮೂರು ಕೆಲಸ

ಮರುದಿನ ಬೆಳಿಗ್ಗೆ ಅವನ ಕರೆ ನನಗೆ ಬಂತು. ಉಳಿದ ಎರಡನ್ನೂ ರದ್ದು ಮಾಡಿ ನೇರವಾಗಿ ನಮ್ಮಲ್ಲಿಯೇ ಹೊಸದಾಗಿ ಬುಕ್ ಮಾಡುತ್ತೇನೆ ಎಂದ. ದಯವಿಟ್ಟು ಏನನ್ನೂ ಮುಟ್ಟಬೇಡಿ ಎಂದು ನಾನು ಹೇಳಿದೆ. ಇಡೀ ಪ್ರಕರಣದಲ್ಲಿ ಹಣ ಉಳಿಸಿದ ಮಾತೆಂದರೆ ಅದೊಂದೇ.

ಆ ದಿನ ನಾನು ಅವನಿಗೆ ವಿವರಿಸಿದ್ದನ್ನೇ ಇಲ್ಲಿ ಬರೆಯುತ್ತೇನೆ. ನಮ್ಮ ವ್ಯವಹಾರದಲ್ಲಿ ಹೆಸರು ಮೂರು ಬೇರೆ ಕೆಲಸ ಮಾಡುತ್ತದೆ. ಹಣ ಕಟ್ಟಿ ಷರತ್ತಿಗೆ ಒಪ್ಪಿದವರು ಯಾರು ಎಂಬುದನ್ನು ಬುಕಿಂಗಿನಲ್ಲಿರುವ ಹೆಸರು ಹೇಳುತ್ತದೆ. ಇದು ಆ್ಯಪಿಗೆ ಸಂಬಂಧಿಸಿದ್ದು. ನಮ್ಮ ಆಗಮನ ಪಟ್ಟಿಯಲ್ಲಿ ಈ ಕೋಣೆ ಯಾರಿಗೆ ಎಂದು ಹುಡುಕಲು ನೆರವಾಗುತ್ತದೆ. ಇದು ನಮ್ಮ ರಿಸೆಪ್ಷನ್ನಿಗೆ ಸಂಬಂಧಿಸಿದ್ದು. ಇನ್ನು ಕೋಣೆಯಲ್ಲಿ ನಿಜವಾಗಿ ಮಲಗುವವರು ಯಾರು ಎಂಬ ಪ್ರಶ್ನೆಗೆ ಉತ್ತರವನ್ನು ಬುಕಿಂಗಿನ ಹೆಸರಿನಿಂದ ಪಡೆಯುವುದೇ ಇಲ್ಲ. ಬಂದವರ ಗುರುತಿನ ಚೀಟಿ ನೋಡಿ ಅತಿಥಿಗಳ ರಿಜಿಸ್ಟರಿನಲ್ಲಿ ಬರೆಯುವುದರಿಂದ ಪಡೆಯುತ್ತೇವೆ. ಪೊಲೀಸರು ಬಂದು ಕೇಳಿದರೆ ತೋರಿಸಬೇಕಾದ ದಾಖಲೆಯೂ ಅದೇ. ಈ ಕುಟುಂಬಕ್ಕೆ ಬೇಕಾಗಿದ್ದದ್ದು ಎರಡನೆಯ ಮತ್ತು ಮೂರನೆಯ ಕೆಲಸಕ್ಕೆ ಹೊಸ ಹೆಸರುಗಳು. ಅವರು ಕೇಳಿದ್ದದ್ದು ಮೊದಲನೆಯದನ್ನು ಬದಲಿಸಿ ಎಂದು, ಅದೂ ಅದನ್ನು ಬದಲಿಸಲು ಇಷ್ಟವಿಲ್ಲದವರ ಬಳಿ.

ಆ್ಯಪಿನವರ ಬಿಗಿತನಕ್ಕೆ ಕಾರಣವಿಲ್ಲದೆ ಇಲ್ಲ. ಕದ್ದ ಕಾರ್ಡಿನಲ್ಲಿ ಬುಕ್ ಮಾಡಿ ಕೋಣೆಯನ್ನು ಬೇರೆಯವರಿಗೆ ದಾಟಿಸುವುದು, ರಿಯಾಯಿತಿ ದರದಲ್ಲಿ ರಜೆಯ ದಿನಗಳನ್ನು ಹಿಡಿದಿಟ್ಟುಕೊಂಡು ಹತ್ತಿರ ಬಂದಾಗ ಹೆಚ್ಚಿನ ದರಕ್ಕೆ ಮಾರುವುದು, ಇವೆರಡೂ ಈ ವ್ಯವಹಾರದಲ್ಲಿ ಎದುರಾಗುವ ಮೋಸಗಳೇ. ಹೆಸರನ್ನು ಸಲೀಸಾಗಿ ಬದಲಿಸಲು ಬಿಟ್ಟರೆ ಅಂಥವರಿಗೆ ದಾರಿ ತೆರೆದಂತೆ. ಆದರೆ ತಾಯಿಯ ಆಸ್ಪತ್ರೆಯ ಕಾರಣಕ್ಕೆ ಬರಲಾಗದವನನ್ನೂ ದಲ್ಲಾಳಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ನಿಯಮಕ್ಕೆ ಒಂದಿಷ್ಟು ವಿವೇಚನೆ ಬೇಕೆಂದು ನಾನು ಅಂದೂ ನಂಬಿದ್ದೆ, ಇಂದೂ ನಂಬುತ್ತೇನೆ.

ಏನು ಮಾಡಿದೆವು

ನನ್ನ ಮುಂದೆ ಎರಡು ದಾರಿಗಳಿದ್ದವು. ನಮ್ಮದೇನೂ ಆಕ್ಷೇಪವಿಲ್ಲ ಎಂದು ಆ್ಯಪಿನವರಿಗೆ ತಿಳಿಸಿ, ಅವರಿಂದಲೇ ಮುಖ್ಯ ಅತಿಥಿಯ ಹೆಸರನ್ನು ಬದಲಿಸುವುದು ಒಂದು. ಅಂದು ಅವರನ್ನು ಸಂಪರ್ಕಿಸಿದಾಗ, ರೆಸಾರ್ಟ್ ಒಪ್ಪಿದರೆ ಮಾಡಿಕೊಡುತ್ತೇವೆ ಎಂದು ಅವರೂ ಹೇಳಿದರು. ಮೊದಲು ಆಗುವುದಿಲ್ಲ ಎಂದಿದ್ದವರ ಉತ್ತರವೇ, ರೆಸಾರ್ಟ್ ನಡುವೆ ಬಂದೊಡನೆ ಬದಲಾಯಿತು. ಆದರೂ ನಾನು ಅದನ್ನು ಬೇಡವೆಂದೆ. ಆ ಆ್ಯಪಿನಿಂದ ನಮಗೆ ಹಣ ಬರುತ್ತಿದ್ದದ್ದು ವರ್ಚುವಲ್ ಕಾರ್ಡಿನ ಮೂಲಕ: ಪ್ರತಿ ಬುಕಿಂಗಿಗೂ ಒಂದು ಕಾರ್ಡ್ ಸಂಖ್ಯೆ ಸಿಗುತ್ತದೆ, ಅತಿಥಿ ಬರುವ ದಿನದಿಂದ ಅದರಿಂದ ಹಣ ಪಡೆಯಬಹುದು, ಬುಕಿಂಗ್ ರದ್ದಾದರೆ ಆ ಕಾರ್ಡಿನ ಮೊತ್ತವೂ ಬದಲಾಗಬಹುದು. ಹೆಸರಿನ ತಿದ್ದುಪಡಿ ಕೆಲವೊಮ್ಮೆ ನಮ್ಮ ತಂತ್ರಾಂಶಕ್ಕೆ ತಿದ್ದುಪಡಿಯಾಗಿ ಬಾರದೆ, ಹಳೆಯದು ರದ್ದು, ಹೊಸದು ದಾಖಲು ಎಂಬ ಎರಡು ಸಂದೇಶಗಳಾಗಿ ಬರುವುದನ್ನು ನಾನು ಕಂಡಿದ್ದೆ. ಆ ಎರಡು ಸಂದೇಶಗಳ ನಡುವಿನ ಅಂತರದಲ್ಲಿ ಹಿಂದಿನ ರಾತ್ರಿಯಂತೆಯೇ ಕೋಣೆ ಕೈತಪ್ಪುವ ಸಾಧ್ಯತೆ ಇತ್ತು.

ಆದ್ದರಿಂದ ಎರಡನೆಯ ದಾರಿಯನ್ನು ಹಿಡಿದೆ: ಮುಖ್ಯ ಹೆಸರು ಅಳಿಯನದೇ ಇರಲಿ, ತಂಗುವವರ ಹೆಸರುಗಳನ್ನು ಅದರ ಕೆಳಗೆ ಸೇರಿಸೋಣ. ಬುಕ್ ಮಾಡುವಾಗ ಕೊಟ್ಟಿದ್ದ ಇಮೇಲ್ ವಿಳಾಸದಿಂದಲೇ ಅಳಿಯ ನಮಗೊಂದು ಪತ್ರ ಕಳುಹಿಸಬೇಕೆಂದು ಕೇಳಿದೆ. ಬೇರೆ ವಿಳಾಸದಿಂದ ಬಂದರೆ ಅದನ್ನು ಬರೆದವರು ಬುಕ್ ಮಾಡಿದವರೇ ಎಂಬುದಕ್ಕೆ ಆಧಾರವಿರುವುದಿಲ್ಲ. ಬುಕಿಂಗ್ ಸಂಖ್ಯೆ, ದಿನಾಂಕ, ತಾನು ಬರಲಾಗದ ಕಾರಣ, ತನ್ನ ಪರವಾಗಿ ಯಾವ ಕಾಟೇಜಿನಲ್ಲಿ ಯಾರು ತಂಗುತ್ತಾರೆ ಎಂಬ ವಿವರ, ಅವರ ವಯಸ್ಸು, ಅವರಲ್ಲಿ ಚೆಕ್‌ಇನ್ ಹೊಣೆ ಹೊರುವವರ ಫೋನ್ ಸಂಖ್ಯೆ, ಹಣ ತಾನೇ ಕಟ್ಟಿದ್ದು, ಇದಕ್ಕೆ ತನ್ನ ಒಪ್ಪಿಗೆಯಿದೆ ಎಂಬ ಮಾತು, ಇಷ್ಟು ಅದರಲ್ಲಿರಬೇಕಿತ್ತು. ಅದಕ್ಕೆ ನಾನು ರೆಸಾರ್ಟಿನ ಇಮೇಲಿನಿಂದ ಒಪ್ಪಿಗೆಯ ಉತ್ತರ ಬರೆದು, ನಮ್ಮ ತಂತ್ರಾಂಶದಲ್ಲಿ ಬುಕಿಂಗಿನ ಟಿಪ್ಪಣಿಯಲ್ಲಿ ಹೆಸರುಗಳನ್ನು ನಮೂದಿಸಿದೆ. ಎರಡರ ಪ್ರತಿಯನ್ನೂ ಮುದ್ರಿಸಿ ತರಲು ಹೇಳಿದೆ, ಏಕೆಂದರೆ ತೋಟದ ನಡುವಿನ ನಮ್ಮ ರಸ್ತೆಯಲ್ಲಿ ಮೊಬೈಲಿಗೆ ನೆಟ್‌ವರ್ಕ್ ಸಿಗುವುದು ಕಷ್ಟ. ಆ್ಯಪಿನ ಚಾಟಿನಲ್ಲಿಯೂ ಒಂದು ಮಾತು ದಾಖಲಾಗಲಿ ಎಂದು, ಹೆಸರು ಬದಲಿಸಿ ಎನ್ನದೆ, ಇಂತಿಂಥವರು ತಂಗುತ್ತಾರೆ, ರೆಸಾರ್ಟ್ ಒಪ್ಪಿದೆ ಎಂದಷ್ಟೇ ಬರೆಯಿಸಿದೆ.

ಗುರುತಿನ ಚೀಟಿಗಳ ವಿವರವನ್ನು ಮುಂಚಿತವಾಗಿ ಕೇಳಿದ್ದು ಬೇರೆಯೇ ಒಂದು ಕಷ್ಟವನ್ನು ತಪ್ಪಿಸಿತು. ಚಿಕ್ಕಪ್ಪನ ಮಗಳು ತಾನಿದ್ದ ಹೊರದೇಶದ ಪೌರತ್ವ ಪಡೆದಿದ್ದಳು. ಊರೊಳಗಿನ ಪ್ರವಾಸವಲ್ಲವೇ ಎಂದು ಪಾಸ್‌ಪೋರ್ಟನ್ನು ಅಜ್ಜಿಯ ಮನೆಯ ಬೀರುವಿನಲ್ಲಿಟ್ಟು, ಅಲ್ಲಿಯ ಡ್ರೈವಿಂಗ್ ಲೈಸೆನ್ಸ್ ಮಾತ್ರ ತರುವವಳಿದ್ದಳು. ವಿದೇಶಿ ಪಾಸ್‌ಪೋರ್ಟಿನ ಅತಿಥಿ ತಂಗಿದರೆ 24 ಗಂಟೆಯೊಳಗೆ ನಾವು ಆನ್‌ಲೈನಿನಲ್ಲಿ ಸಿ ಫಾರಂ ಎಂಬ, ವಿದೇಶಿ ಅತಿಥಿ ತಂಗಿದ್ದಾರೆಂದು ಸರ್ಕಾರಕ್ಕೆ ತಿಳಿಸುವ ನಮೂನೆಯನ್ನು ಆಗ ಸಲ್ಲಿಸಬೇಕಿತ್ತು. ಅದಕ್ಕೆ ಪಾಸ್‌ಪೋರ್ಟಿನ ವಿವರ ಇಲ್ಲದೆ ಆಗದು. ಅವಳ ಹೆಸರು ನಮಗೆ ಮೊದಲೇ ಗೊತ್ತಾಗದೆ ಹೋಗಿದ್ದರೆ ರಾತ್ರಿ ಹೊತ್ತಿನಲ್ಲಿ ಅವಳನ್ನು ಒಳಗೆ ಕರೆಯಲೂ ಆಗದೆ, ಹೊರಗೆ ನಿಲ್ಲಿಸಲೂ ಆಗದೆ ಒದ್ದಾಡಬೇಕಾಗುತ್ತಿತ್ತು. ಉಳಿದವರಿಗೆ ಆಧಾರ್, ಮತದಾರರ ಚೀಟಿ ಅಥವಾ ಡ್ರೈವಿಂಗ್ ಲೈಸೆನ್ಸ್ ಸಾಕು. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿಯನ್ನು ಕೊಡಿ ಎಂದು ನಾನೇ ಸೂಚಿಸಿದೆ. ಪ್ಯಾನ್ ಕಾರ್ಡಿನಲ್ಲಿ ವಿಳಾಸವಿಲ್ಲದ ಕಾರಣ ನಾವು ಅದನ್ನು ಒಪ್ಪುತ್ತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಕುಟುಂಬಕ್ಕೆ ಬೇಸರವಾಯಿತು. ಎರಡನೆಯ ಕಾಟೇಜಿನಲ್ಲಿ ಇಬ್ಬರು ದೊಡ್ಡವರು, ಒಂದು ಮಗು ಎಂದಿದ್ದದ್ದು ಈಗ ಮೂವರು ದೊಡ್ಡವರಾಗಿತ್ತು. ಹೆಚ್ಚುವರಿ ಹಾಸಿಗೆ ಮತ್ತು ಊಟಕ್ಕೆ ರಾತ್ರಿಗೆ 1,500 ರೂಪಾಯಿ, ತೆರಿಗೆ ಸೇರಿ ಒಟ್ಟು 3,540 ರೂಪಾಯಿ ಆಯಿತು. ಹೆಸರು ಬದಲಿಸಿದ್ದಕ್ಕೆ ದಂಡವೇ ಎಂದು ಚಿಕ್ಕಪ್ಪ ಕೇಳಿದರು. ಹೆಸರಿಗೆ ನಯಾಪೈಸೆ ಇಲ್ಲ, ಇದು ತಲೆಯ ಲೆಕ್ಕ ಎಂದು ಬಿಡಿಸಿ ಹೇಳಬೇಕಾಯಿತು.

ಕೈತಪ್ಪಿದ ಕಾಟೇಜು

ಮೂರನೆಯ ಕಾಟೇಜಿನ ವಿಷಯ ನನ್ನ ಮನಸ್ಸನ್ನು ಹೆಚ್ಚು ಕೊರೆಯಿತು. ಅದನ್ನು ಹೊಸದಾಗಿ ಹಿಡಿದವರು ಪ್ರಾಮಾಣಿಕವಾಗಿ ಹಣ ಕಟ್ಟಿದವರು, ಅವರನ್ನು ಬಿಡಿಸುವ ಪ್ರಶ್ನೆಯೇ ಇರಲಿಲ್ಲ. ಆದರೆ ರದ್ದಾದ ಬುಕಿಂಗಿನಿಂದ ಆ್ಯಪಿನ ಕಮಿಷನ್ ಕಳೆದು ನಮಗೆ ಸುಮಾರು 17,400 ರೂಪಾಯಿ ಬರುವುದಿತ್ತು. ಅದೇ ಕೋಣೆಯನ್ನು ಹೆಚ್ಚಿನ ದರಕ್ಕೆ ಮತ್ತೊಮ್ಮೆ ಮಾರಿಯೂ ಆಗಿತ್ತು. ಅದೇ ಎರಡು ರಾತ್ರಿಗೆ ಎರಡು ಬಾರಿ ಹಣ.

ನಾನು ಮಾಲೀಕರ ಬಳಿ ಹೋಗಿ ಎರಡು ಮಾತು ಹೇಳಿದೆ. ಹಣ ಮರಳದು ಎಂಬ ಷರತ್ತು ಕೋಣೆ ಖಾಲಿ ಉಳಿದು ನಮಗಾಗುವ ನಷ್ಟವನ್ನು ತುಂಬಲು ಇರುವುದು, ಇಲ್ಲಿ ನಷ್ಟವೇ ಆಗಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಸೆಕ್ಷನ್ ಕೂಡ ಕರಾರಿನಲ್ಲಿ ಬರೆದ ಮೊತ್ತವನ್ನು ಮೀರದಂತೆ ನ್ಯಾಯಸಮ್ಮತ ಪರಿಹಾರ ಎಂದು ಹೇಳುತ್ತದೆಯೇ ಹೊರತು, ಬರೆದಷ್ಟನ್ನೂ ಕಣ್ಣು ಮುಚ್ಚಿ ಪಡೆಯಿರಿ ಎಂದಲ್ಲ. ಎರಡನೆಯದು, ನಮ್ಮ ಹುಡುಗ ಅಂದು ಬುಕಿಂಗ್ ಸಂಖ್ಯೆ ಬರೆದುಕೊಂಡು ಒಂದು ಇಮೇಲ್ ಕಳುಹಿಸಿದ್ದರೆ ಈ ರದ್ದತಿ ನಡೆಯುತ್ತಲೇ ಇರಲಿಲ್ಲ. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ಷರತ್ತು ಆ್ಯಪಿನಲ್ಲಿ ಸ್ಪಷ್ಟವಾಗಿಯೇ ಇತ್ತಲ್ಲ ಎಂದರು. ಇತ್ತು, ಅದನ್ನು ನಾನು ಅಲ್ಲಗಳೆಯಲಿಲ್ಲ. ಕೊನೆಗೆ ಅವರನ್ನು ಒಪ್ಪಿಸಿದ್ದು ಕಾನೂನಲ್ಲ, ಎರಡು ಬಾರಿ ಹಣ ಎಂಬ ಲೆಕ್ಕವೇ ಎಂದು ನನ್ನ ಅನಿಸಿಕೆ.

ನಮ್ಮಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿ ಪರಿಚಯದ ಬೆಳೆಗಾರರೊಬ್ಬರು ನಡೆಸುವ ಹೋಂಸ್ಟೇಯಲ್ಲಿ ಒಂದು ಕೋಣೆ ಉಳಿದಿತ್ತು. ಮನೆಯವರೆಲ್ಲ ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿದ್ದುದರಿಂದ ಅದನ್ನು ಯಾರಿಗೂ ಕೊಟ್ಟಿರಲಿಲ್ಲ. ಎರಡು ರಾತ್ರಿಗೆ 8,000 ರೂಪಾಯಿಗೆ ಅದನ್ನು ಕಿರಿಯ ಮಗ ಮತ್ತು ಸೊಸೆಗೆ ಗೊತ್ತುಮಾಡಿದೆವು. ನಮಗೆ ಬಂದ 17,400ರಿಂದ ಆ 8,000ವನ್ನೂ ಹೆಚ್ಚುವರಿ ವ್ಯಕ್ತಿಯ 3,540ನ್ನೂ ಕಳೆದು, ಉಳಿದ 5,860 ರೂಪಾಯಿಯನ್ನು ಅಳಿಯನ ಬ್ಯಾಂಕ್ ಖಾತೆಗೆ ಮರಳಿಸಿದೆವು. ಹಣ ಕಟ್ಟಿದವರ ಖಾತೆಗೇ ಮರಳಿಸಬೇಕೆಂದು ನಾನು ಪಟ್ಟು ಹಿಡಿದಿದ್ದೆ.

ಬಂದ ದಿನ

ಅವರು ತಲುಪಿದಾಗ ಸಂಜೆ ಏಳು ಗಂಟೆ ಮೀರಿತ್ತು, ಮಂಜು ಕವಿದಿತ್ತು. ನಾನು ಮನೆಗೆ ಹೊರಟಾಗಿತ್ತು; ರಿಸೆಪ್ಷನ್ನಿನಲ್ಲಿದ್ದವನು ಕೆಲಸಕ್ಕೆ ಸೇರಿ ತಿಂಗಳಾಗಿರಲಿಲ್ಲ. ಅವನು ಆಗಮನ ಪಟ್ಟಿಯಲ್ಲಿ ಕಂಡದ್ದು ಅಳಿಯನ ಹೆಸರು, ಎದುರಿಗೆ ನಿಂತದ್ದು ಹಿರಿಯ ಶಿಕ್ಷಕರು. ಆದರೆ ಹೆಸರಿನ ಕೆಳಗೆ ಟಿಪ್ಪಣಿ ಇತ್ತು, ಅವರ ಕೈಯಲ್ಲಿ ಮುದ್ರಿಸಿದ ಎರಡು ಪುಟಗಳಿದ್ದವು. ಹತ್ತು ನಿಮಿಷದಲ್ಲಿ ಎಲ್ಲರ ವಿವರ ರಿಜಿಸ್ಟರಿಗೆ ಸೇರಿತು. ಆ ರಾತ್ರಿಯೇ ಸಿ ಫಾರಂ ಕೂಡ ಸಲ್ಲಿಕೆಯಾಯಿತು. ಮರುದಿನ ಅವರು ಶಾಲೆ ನೋಡಲು ಹೋಗಿ ಬಂದರು. ಕಟ್ಟಡ ಹೊಸದಾಗಿದೆ, ಅಂಗಳದ ಮರ ಮಾತ್ರ ಹಾಗೆಯೇ ಇದೆ ಎಂದು ಆ ತಾಯಿ ನನಗೆ ಹೇಳಿದರು.

ತಿರುಗಿ ನೋಡಿದಾಗ

ತೀರ್ಮಾನದ ಗಳಿಗೆಗಳು ಎರಡು. ಒಂದರಲ್ಲಿ ಕಿರಿಯ ಮಗ ರದ್ದು ಗುಂಡಿ ಒತ್ತಿದ, ಇನ್ನೊಂದರಲ್ಲಿ ಉಳಿದವನ್ನು ಒತ್ತದೆ ನಿಂತ. ಎಲ್ಲ ಮೂರನ್ನೂ ರದ್ದು ಮಾಡಿ ಹೊಸ ದರದಲ್ಲಿ ಹಿಡಿದಿದ್ದರೆ, ಕಟ್ಟಿದ 63,720 ಹೋಗಿ ಮತ್ತೆ 99,120 ರೂಪಾಯಿ ಕಟ್ಟಬೇಕಾಗುತ್ತಿತ್ತು, ಅದೂ ಕೋಣೆ ಸಿಕ್ಕಿದ್ದರೆ. ರದ್ದು ಮಾಡಿ ಹೊಸದಾಗಿ ಬುಕ್ ಮಾಡಿ ಎಂಬ ಸಲಹೆ ಹಣ ಮರಳುವ ಬುಕಿಂಗಿಗೆ, ಅದೂ ಖಾಲಿ ಕೋಣೆಗಳಿರುವ ಮಳೆಗಾಲದಲ್ಲಿ ಸರಿಹೋದೀತು. ಹಣ ಮರಳದ ದರಕ್ಕೆ, ಡಿಸೆಂಬರಿಗೆ ಅಲ್ಲ. ಹೊಸ ಬುಕಿಂಗಿನ ಖಚಿತ ಪತ್ರ ಕೈಗೆ ಬಂದ ಮೇಲೆಯೇ ಹಳೆಯದನ್ನು ಮುಟ್ಟಬೇಕೆಂಬ ಎಚ್ಚರವನ್ನು ಈಗ ನಾನು ಪ್ರತಿ ಅತಿಥಿಗೂ ಹೇಳುತ್ತೇನೆ.

ನಾನು ಬೇರೆ ರೀತಿ ಮಾಡಬಹುದಾಗಿದ್ದ ಒಂದು ಸಂಗತಿಯೂ ಇದೆ. ಮೂರು ಕಾಟೇಜಿಗೆ ಒಂದೇ ಹೆಸರಿರುವ ಬುಕಿಂಗ್ ಸೆಪ್ಟೆಂಬರಿನಲ್ಲಿಯೇ ನನ್ನ ಕಣ್ಣಿಗೆ ಬಿದ್ದಿತ್ತು. ಅಂದೇ ಒಂದು ಇಮೇಲ್ ಕಳುಹಿಸಿ, ಪ್ರತಿ ಕೋಣೆಗೆ ತಂಗುವವರಲ್ಲಿ ಒಬ್ಬರ ಹೆಸರನ್ನಾದರೂ ಕೊಡಿ ಎಂದು ಕೇಳಿದ್ದರೆ, ಅಳಿಯ ಬಾರದಿದ್ದರೂ ಹಿರಿಯರ ಹೆಸರಿನಲ್ಲಿ, ಕಿರಿಯ ಮಗನ ಹೆಸರಿನಲ್ಲಿ ಕೋಣೆಗಳು ಇರುತ್ತಿದ್ದವು. ಬದಲಾಗಬೇಕಾದದ್ದು ಒಂದು ಕೋಣೆಯ ಹೆಸರು ಮಾತ್ರ ಆಗುತ್ತಿತ್ತು. ಆ ವರ್ಷದ ನಂತರ ನಮ್ಮ ಖಚಿತ ಪತ್ರದ ಕೆಳಗೆ ಆ ಕೋರಿಕೆಯನ್ನು ಸೇರಿಸಿದೆವು. ರಿಸೆಪ್ಷನ್ನಿನಲ್ಲಿ ಫೋನಿನ ಪಕ್ಕ ಒಂದು ಪುಸ್ತಕ ಇಟ್ಟು, ಬುಕಿಂಗ್ ಸಂಖ್ಯೆ ಬರೆಯದೆ ಯಾವ ಭರವಸೆಯನ್ನೂ ಕೊಡಬಾರದೆಂದು ಗೊತ್ತುಪಡಿಸಿದೆವು. ಅಂದು ಬನ್ನಿ ಎಂದಿದ್ದ ಹುಡುಗನೇ ಈಗ ಆ ಪುಸ್ತಕವನ್ನು ಎಲ್ಲರಿಗಿಂತ ಅಚ್ಚುಕಟ್ಟಾಗಿ ನೋಡಿಕೊಳ್ಳುತ್ತಾನೆ.

ಆ್ಯಪಿನವರು ಇಟ್ಟುಕೊಂಡ ಕಮಿಷನ್ನನ್ನು ಮರಳಿಸಲು ಅಳಿಯ ಅವರಿಗೆ ಬರೆದರು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೂ ದೂರು ಕೊಟ್ಟರು. ಷರತ್ತನ್ನು ಬುಕಿಂಗಿನ ಸಮಯದಲ್ಲಿಯೇ ತೋರಿಸಲಾಗಿತ್ತು ಎಂದು ಕಂಪನಿ ಉತ್ತರಿಸಿತು. ತಾಯಿ ಎದ್ದು ಓಡಾಡುವಂತಾದ ಮೇಲೆ ಮುಂದಿನದನ್ನು ನೋಡುತ್ತೇನೆ ಎಂದು ಅವರು ನನಗೆ ಕೊನೆಯದಾಗಿ ಬರೆದಿದ್ದರು.